ಬಲಕ್ಕೆ ಬಿದ್ದ ಹೂವು

ಊರೂರಿನ ಕಬಡ್ಡಿ ತಂಡಗಳಿಗೆ ಕೂಲಿಗೆ ಆಡುತ್ತಾ ಈರಣ್ಣನ ತಲೆ ನರೆತಿತ್ತು. ಫೈನಲ್ ಬಂದಾಗ ಮಾತ್ರ ಯಾವ ತಂಡವೂ ಅವನನ್ನು ಅಂಕಣಕ್ಕೆ ಇಳಿಸಿರಲಿಲ್ಲ. ಈ ಸಲ ಕಾರ್ನರ್‌ನಲ್ಲಿ ಆಡುವ ಹುಡುಗನ ಮಂಡಿ ಊದಿಕೊಂಡು, ನಾಳಿನ ಫೈನಲ್‌ಗೆ ಆ ಜಾಗ ಈರಣ್ಣನದಾಯಿತು.

ಹನುಮಪ್ಪನ ಗುಡಿಗೆ ಕೈಮುಗಿಯಲು ಹೋದರೆ ಹುಡುಗನ ತಾಯಿ ಅಲ್ಲೇ ಕೂತಿದ್ದಳು.

"ಈರಣ್ಣಾ, ನಿನ್ನ ಮಾತು ದೇವ್ರು ಕೇಳ್ತಾನೆ. ನನ್ನ ಮಗ ನಾಳೆ ಆಡೋ ಹಂಗೆ ಬೇಡ್ಕೊಳ್ಳಪ್ಪ."

"ನಾನಾ ಅಕ್ಕಾ?"

"ಇನ್ಯಾರು? ಅವನಿಗೆ ಪಟ್ಟು ಕಲಿಸಿದೋನೇ ನೀನು."

ಈರಣ್ಣ ಬಾಯಲ್ಲಿ ಅವಳು ಹೇಳಿದ್ದನ್ನೇ ಬೇಡಿಕೊಂಡ. ಮನಸ್ಸಿನಲ್ಲಿ, 'ಸ್ವಾಮೀ, ಇದನ್ನು ಕೇಳಿಸಿಕೊಳ್ಳಬೇಡ' ಎಂದ. ದೇವರ ಬಲಗಡೆಯಿಂದ ಹೂವು ಜಾರಿ ಬಿತ್ತು.

"ಬಲಕ್ಕೇ ಕೊಟ್ಟ ನೋಡು, ಆಗಲಿ ಅಂದ!" ಎಂದು ಆಕೆ ಕಣ್ಣೊರೆಸಿಕೊಂಡಳು.

ಮರುದಿನ ಬೆಳಿಗ್ಗೆ, ಮಂಡಿಯ ಊತ ಪೂರ್ತಿ ಇಳಿದಿದ್ದ ಹುಡುಗ ಓಡೋಡಿ ಬಂದು ಈರಣ್ಣನ ಕಾಲಿಗೆ ಬಿದ್ದ.