ಸೌಟಿನಲ್ಲಿ ತೋಡಿದ ಗುಂಡಿ

ನಮ್ಮೂರಿನ ಮರಗಳು ವನಹಬ್ಬದ ದಿನ ಬೇರು ಬಿಡಿಸಿಕೊಂಡು ನಡೆದುಬಂದು, ಮನಸ್ಸಿಗೆ ಒಪ್ಪಿದ ಗುಂಡಿಯಲ್ಲಿ ನೆಲೆ ನಿಲ್ಲುತ್ತವೆ. ಯಜಮಾನರು ತೀರಿಕೊಂಡ ವರ್ಷ ನಮ್ಮ ಹೊಂಗೆಯೂ ಎದ್ದುಹೋಯಿತು. ಆಮೇಲೆ ನನ್ನ ಅಂಗಳಕ್ಕೆ ಯಾವ ಮರವೂ ಬರಲಿಲ್ಲ. ಅವರ ಹಾರೆ ಎತ್ತಲಾಗದೆ ಈ ಸಲ ಕಬ್ಬಿಣದ ಸೌಟಿನಿಂದಲೇ ಗುಂಡಿ ತೋಡಿ, ಪೂಜೆಯ ತೀರ್ಥ ಹೊಯ್ದು ಕುಳಿತೆ.

“ಇಷ್ಟು ಚಿಕ್ಕ ಗುಂಡೀಗೆ ಕರಿಬೇವೂ ಬರಲ್ಲ ಅಜ್ಜಿ,” ಎಂದಳು ಪಕ್ಕದ ಮನೆಯ ಪುಟ್ಟತಾಯಿ.

“ಬಂದ್ರೆ ಒಗ್ಗರಣೆಗಾಯ್ತು ಬಿಡೆ.”

ಮಧ್ಯಾಹ್ನ ಬೀದಿ ನಡುಗಿತು. ಎಂದೂ ಯಾರ ಮನೆಗೂ ಬಾರದ ಕೆರೆ ಏರಿಯ ಆಲದ ಮರ, ಎಲ್ಲರ ಗುಂಡಿಗಳನ್ನೂ ದಾಟಿ ಬಂದು ನನ್ನ ಗುಂಡಿಯಲ್ಲಿ ಬೇರೂರಿತು. ನಮ್ಮಿಬ್ಬರ ಮನೆಗಳ ನಡುವಿನ ಗೋಡೆ ಉರುಳಿಬಿತ್ತು.

“ಗೋಡೆ ಹೋಯ್ತಲ್ಲ ಅಜ್ಜಿ,” ಎಂದಳು ಪುಟ್ಟತಾಯಿ.

“ಹೋಗ್ಲಿ,” ಎಂದೆ. “ಚಾಪೆ ತಗೊಂಡು ಈ ಕಡೆ ಬಾ. ನೆರಳಿದೆ.”