ಎರಡು ಬಣ್ಣದ ದೀಪ

"ಇಪ್ಪತ್ತಕ್ಕೆ ಇಪ್ಪತ್ತೂ ತಪ್ಪು! ಇಷ್ಟು ವರ್ಷ ಕಿವಿಗೆ ಹತ್ತಿ ತುರುಕ್ಕೊಂಡು ಕೆಲಸ ಮಾಡ್ತಿದ್ರಾ ಅಕ್ಕಾ?" ಫ್ಯಾನ್ ಕಾರ್ಖಾನೆಯ ಮ್ಯಾನೇಜರ್ ಇಡೀ ಶೆಡ್ಡಿಗೆ ಕೇಳುವ ಹಾಗೆ ಕೇಳಿದ.

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಮೋಟರಿನ ಸದ್ದಿಗೆ ಕಿವಿಗೊಟ್ಟು, ಇದು ಸರಿ ಇದು ಕೆಟ್ಟಿದೆ ಎಂದು ಹತ್ತೊಂಬತ್ತು ವರ್ಷದಿಂದ ಹೇಳುತ್ತ ಬಂದವಳು. ಇವತ್ತು ಹದಿನೆಂಟು ಸರಿ, ಎರಡು ಕೆಟ್ಟಿವೆ ಎಂದಿದ್ದಳು. ಎಂಜಿನಿಯರ್ ತಯಾರಿಸಿ ತಂದ ಹೊಸ ಪೆಟ್ಟಿಗೆ ಅವಳ ಹದಿನೆಂಟಕ್ಕೂ ಕೆಂಪು ದೀಪ ತೋರಿಸಿ, ಆ ಎರಡಕ್ಕೆ ಮಾತ್ರ ಹಸಿರು ತೋರಿಸಿತ್ತು. ಅದರೊಳಗಿನ ಮೈಕ್ರೊಕಂಟ್ರೋಲರ್ ಮೋಟರಿನ ಅದುರುವಿಕೆ ಅಳೆದು ತೀರ್ಪು ಕೊಡುತ್ತದಂತೆ. ಹಸಿರಾದರೆ ಸರಿ, ಕೆಂಪಾದರೆ ಕೆಟ್ಟದ್ದು.

"ಕೆಟ್ಟಿರೋದು ಆ ಡಬ್ಬ, ನನ್ನ ಕಿವಿಯಲ್ಲ" ಎಂದಳು ಅಕ್ಕ.

"ಹೌದೌದು. ನಾಳೆಯಿಂದ ಮನೇಲಿ ಕೂತ್ಕೊಂಡು ಅದನ್ನೇ ಹೇಳ್ಕೊಳ್ಳಿ" ಎಂದು ಮ್ಯಾನೇಜರ್ ಹೊರಟೇಹೋದ.

ಎಂಜಿನಿಯರ್ ತಲೆ ಕೆರೆದುಕೊಂಡ. ತಪ್ಪುವುದೇ ಆದರೂ ಇಷ್ಟು ಅಚ್ಚುಕಟ್ಟಾಗಿ ಯಾರಾದರೂ ತಪ್ಪುತ್ತಾರೆಯೇ? ಮುಚ್ಚಳ ಬಿಚ್ಚಿ ನೋಡಿದ. ಅಯ್ಯೋ ಕರ್ಮವೇ! ಎರಡು ಕಾಲಿನ ಎಲ್‌ಇಡಿ ದೀಪ ಅದು. ಕರೆಂಟು ಈ ಕಡೆಯಿಂದ ಹರಿದರೆ ಹಸಿರು, ಆ ಕಡೆಯಿಂದ ಹರಿದರೆ ಕೆಂಪು. ಮಹಾಶಯ ಅದರ ಕಾಲುಗಳನ್ನೇ ಅದಲುಬದಲಾಗಿ ಬೆಸೆದುಬಿಟ್ಟಿದ್ದ. ಗುಟ್ಟಾಗಿ ಸರಿಮಾಡಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಪುಣ್ಯಾತ್ಮನಿಗೆ ಮನಸ್ಸು ತಡೆಯಲಿಲ್ಲ. ದೀಪವನ್ನು ಕಿತ್ತು ಸರಿಯಾಗಿ ಬೆಸೆದು, ಅಕ್ಕನ ಎದುರಿಗೇ ಇಪ್ಪತ್ತು ಮೋಟರನ್ನೂ ಮತ್ತೆ ಪರೀಕ್ಷೆ ಮಾಡಿ, ಓಡಿಹೋಗಿ ಮ್ಯಾನೇಜರನ್ನು ಕರೆತಂದ.

"ತಪ್ಪು ನಂದೇ ಸಾರ್, ದೀಪ ಉಲ್ಟಾ ಹಾಕಿದ್ದೆ. ಅಕ್ಕ ಹೇಳಿದ್ದೆಲ್ಲ ಸರಿ!"

ಅಕ್ಕನ ಕಣ್ಣು ತುಂಬಿ ಬಂತು. ಈ ಹುಡುಗನನ್ನು ಬೆಳಗಿನಿಂದ ಮನಸ್ಸಿನಲ್ಲೇ ಬೈದುಕೊಂಡದ್ದಕ್ಕೆ ನಾಚಿಕೆಯೂ ಆಯಿತು.

"ಅಂದ್ರೆ, ಅಕ್ಕ ಹೇಳೋದೂ ಪೆಟ್ಟಿಗೆ ಹೇಳೋದೂ ಒಂದೇನಾ?" ಮ್ಯಾನೇಜರ್ ಕೇಳಿದ.

"ಒಂದೇ ಸಾರ್! ಇಪ್ಪತ್ತಕ್ಕೆ ಇಪ್ಪತ್ತೂ!"

"ಭೇಷ್! ಒಂದೇ ಮಾತು ಹೇಳೋಕೆ ಇಬ್ಬಿಬ್ಬರು ಯಾಕೆ? ನಾಳೆಯಿಂದ ಬರೋದು ಬೇಡ ಅಕ್ಕಾ."

ಅಕ್ಕ ಕೈಯೊರೆಸಿಕೊಂಡು, ಚೀಲ ಹೆಗಲಿಗೇರಿಸಿ ಎಂಜಿನಿಯರನ ಮುಂದೆ ಬಂದು ನಿಂತಳು.

"ಕೆಂಪು ಬಂದ್ರೂ ನಾನು ಮನೆಗೆ, ಹಸಿರು ಬಂದ್ರೂ ನಾನು ಮನೆಗೆ. ಎರಡು ಬಣ್ಣ ಯಾಕಪ್ಪಾ ಹಾಕಿದೆ, ಒಂದೇ ಸಾಕಿತ್ತಲ್ಲ?"