ಅಕ್ಕಯಮ್ಮನ ಮಡಿ

ಮಿಷನ್ನಿನ ಮುಂದೆ ತೆಂಗಿನಕಾಯಿ ಒಡೆದಾಯಿತು, ಕರ್ಪೂರ ಉರಿದು ಆರಿತು, ಸೊಣ್ಣಪ್ಪ ಮಾತ್ರ ಇನ್ನೂ ಬೂಟು ಬಿಚ್ಚಿರಲಿಲ್ಲ. ಅಕ್ಕಯಮ್ಮ ಅವನ ಕಾಲನ್ನೇ ನೋಡುತ್ತಿದ್ದರು. ಬೆಳಗಿನಿಂದ ಬಾಯಿಗೆ ಒಂದು ತೊಟ್ಟು ನೀರೂ ಹಾಕದೆ, ಮಡಿಸೀರೆ ಉಟ್ಟು, ಮಗನ ಬಸ್ ಷೆಡ್ಡಿನ ಮಣ್ಣುನೆಲವನ್ನೆಲ್ಲ ತಾವೇ ಸಗಣಿಯಲ್ಲಿ ಸಾರಿಸಿ ರಂಗೋಲಿ ಇಟ್ಟಿದ್ದರು. ಮಗ ಅಪ್ಪಾಜಪ್ಪ ಕರೆಂಟಿನಲ್ಲಿ ಕಬ್ಬಿಣ ಬೆಸೆಯುವ ಮಿಷನ್ನನ್ನು ಕೋಲಾರಕ್ಕೆ ತಂದಿದ್ದಾನೆ ಅಂದಮೇಲೆ ಅಷ್ಟಾದರೂ ಪೂಜೆ ಬೇಡವೇ?

ಎರಡನೇ ಮಹಾಯುದ್ಧದ ಕಾಲ ಅದು. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಬೆನ್ನಿಗೆ ಇದ್ದಿಲು ಗ್ಯಾಸಿನ ಡ್ರಮ್ಮು ಕಟ್ಟಿಕೊಂಡು ಕೆಮ್ಮುತ್ತ ಓಡುತ್ತಿದ್ದವು. ಅಪ್ಪಾಜಪ್ಪನ ಶ್ರೀನಿವಾಸಪುರದ ಬಸ್ಸಿನ ಡ್ರಮ್ಮು ಬಿರುಕು ಬಿಟ್ಟು ಕೂತಿತ್ತು. ಅದನ್ನು ಬೆಸೆಯಲೆಂದೇ, ಚಿನ್ನದ ಗಣಿಯ ವರ್ಕ್‌ಷಾಪಿನಲ್ಲಿ ಈ ಕೆಲಸ ಕಲಿತಿದ್ದ ಲಕ್ಕೂರಿನ ಸೊಣ್ಣಪ್ಪನನ್ನು ಕರೆಸಿಕೊಂಡಿದ್ದ. ಅವನೋ ಹಿಂದಿನ ದಿನವೇ ಬಂದು ಡ್ರಮ್ಮಿನ ಇದ್ದಿಲು, ಬೂದಿ ತೆಗೆಸಿ, ಒಳಗೆ ಗ್ಯಾಸು ಉಳಿಯದಿರಲೆಂದು ಬಾಯಿ ತೆರೆದು ಗಾಳಿಗೆ ಬಿಟ್ಟಿದ್ದ. ವೈರು ಎಲ್ಲೂ ಹರಿದಿಲ್ಲ ಎಂದು ಉದ್ದಕ್ಕೂ ನೋಡಿದ್ದ. ನಿಂತು ಕೆಲಸ ಮಾಡಲು ಒಣಗಿದ ಹಲಗೆಯೊಂದನ್ನೂ ಹುಡುಕಿ ತಂದಿದ್ದ. ಹಲಗೆ ಚೊಕ್ಕಟವಾಗಿದೆ ಎಂದು ಅಕ್ಕಯಮ್ಮ ಅದರ ಮೇಲೆ ವೆಂಕಟರಮಣಸ್ವಾಮಿಯ ಪಟವನ್ನು ಕೂರಿಸಿಬಿಟ್ಟಿದ್ದರು.

"ಬೂಟು ಬಿಚ್ಚಪ್ಪಾ" ಎಂದರು ಅವರು. ನೇಗಿಲು ಹಿಡಿಯುವವನು ಎಕ್ಕಡ ಮೆಟ್ಟಿಕೊಂಡು ಹಿಡಿಯುತ್ತಾನೆಯೇ, ಇದೂ ಅನ್ನ ಕೊಡುವ ವಸ್ತು ತಾನೆ ಎಂಬುದು ಅವರ ನ್ಯಾಯ. ಸೊಣ್ಣಪ್ಪ ಬಾಯಿಬಿಟ್ಟು ಹೇಳಬಹುದಿತ್ತು. ಆದರೆ ಅವನೂ ರಾಗಿ ಹೊಲದಲ್ಲೇ ಬೆಳೆದವನು. ಅಪ್ಪ ಎಕ್ಕಡವನ್ನು ಬದುವಿನ ಮೇಲೆ ಬಿಟ್ಟು ನೇಗಿಲಿಗೆ ಕೈ ಮುಗಿಯುತ್ತಿದ್ದುದನ್ನು ದಿನಾ ಕಂಡವನು. ಗಣಿಯಲ್ಲಿ ಕಲಿತ ಪಾಠ ಒಂದು ಕಡೆ, ಹುಟ್ಟಿನಿಂದ ಬಂದ ಅಳುಕು ಒಂದು ಕಡೆ. ಅಳುಕೇ ಗೆದ್ದಿತು, ಏನು ಮಾಡುತ್ತೀರಿ. ದಪ್ಪ ರಬ್ಬರ್ ಅಟ್ಟೆಯ ಬೂಟನ್ನು ಬಾಗಿಲಾಚೆ ಬಿಟ್ಟು ಬಂದು, ಇನ್ನೂ ಹಸಿ ಆರದ ನೆಲದ ಮೇಲೆ ಬರಿಗಾಲಲ್ಲಿ ನಿಂತ. ಒಡೆದ ಕಾಯಿಯ ನೀರೂ ಅಲ್ಲೇ ಹರಿದಿತ್ತು.

ಒಂದು ವೈರನ್ನು ಡ್ರಮ್ಮಿಗೆ ಬಿಗಿದ. ಬೆಳಕು ಕಣ್ಣು ಸುಡುತ್ತದೆ, ಎಲ್ಲರೂ ಆ ಕಡೆ ತಿರುಗಿಕೊಳ್ಳಿ ಎಂದ. ಎಡಗೈಯಲ್ಲಿ ಕಪ್ಪು ಗಾಜಿನ ಮರೆ, ಬಲಗೈಯಲ್ಲಿ ಬೆಸೆಯುವ ಕಡ್ಡಿ ಸಿಕ್ಕಿಸಿದ ಹಿಡಿ. ಗೋಡೆಯ ಬಳಿ ಅಪ್ಪಾಜಪ್ಪ ಸ್ವಿಚ್ಚಿನ ಮೇಲೆ ಕೈಯಿಟ್ಟು, ಹಾಕಲೇ ಎಂದು ಕೇಳಿದ. ಸೊಣ್ಣಪ್ಪ ಬರಿಗಾಲನ್ನು ಒಂದಾದ ಮೇಲೊಂದು ಎತ್ತಿ, ಒದ್ದೆ ನೆಲವನ್ನು ನೋಡಿಕೊಂಡ.

"ತಡಿಯೋ ಅಪ್ಪಾಜಿ" ಎಂದರು ಅಕ್ಕಯಮ್ಮ. ಎಲ್ಲರೂ ತಿರುಗಿಕೊಳ್ಳಿ ಎಂದರೆ ತಿರುಗಿಕೊಳ್ಳುವ ಪೈಕಿ ಅವರಲ್ಲ. "ಏನ್ ನಾಯ್ನಾ, ಕಾಲ್ ಯಾಕ್ ಎತ್ತೆತ್ತಿ ಇಡ್ತೀಯಾ? ಮುಳ್ಳು ಚುಚ್ತಾ?"

ನಾಯ್ನಾ ಎಂದು ಅವರು ಕರೆಯುತ್ತಿದ್ದುದು ಹೊಟ್ಟೆಯಲ್ಲಿ ಹುಟ್ಟಿದವರನ್ನು ಮಾತ್ರ. ಆ ಒಂದು ಮಾತಿಗೆ ಸೊಣ್ಣಪ್ಪ ಬಾಯಿಬಿಟ್ಟ. ಗಣಿಯಲ್ಲಿ ತನ್ನ ಜೊತೆ ಕೆಲಸ ಮಾಡುತ್ತಿದ್ದ ಮುನಿರಾಮಪ್ಪನ ಸಂಗತಿ ಹೇಳಿದ. ಮಳೆ ನೀರು ನಿಂತ ಕಡೆ ಬರಿಗಾಲಲ್ಲಿ ನಿಂತು ಹೀಗೇ ಹಿಡಿ ಹಿಡಿದಿದ್ದನಂತೆ. ಹಿಡಿದ ಕೈ ಬಿಡಿಸಿಕೊಳ್ಳಲು ಅವನಿಂದ ಆಗಲಿಲ್ಲ. ಯಾರೋ ಓಡಿಹೋಗಿ ಕರೆಂಟು ತೆಗೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ನೆಲ ಒದ್ದೆ ಇದ್ರೆ ಕರೆಂಟು ನಮ್ ಮೈಯಿಂದ ಭೂಮಿಗೆ ಇಳೀತೈತಮ್ಮಾ. ಬೂಟು ಇದ್ರೆ ತಡೀತೈತೆ."

"ಗೊತ್ತಿದ್ದೂ ಯಾಕ್ಲಾ ಬಿಚ್ದೆ?"

"ನೀವ್ ಹೇಳಿದ್ರಲ್ಲಮ್ಮಾ" ಎಂದ.

ಅಪ್ಪಾಜಪ್ಪ ಸ್ವಿಚ್ಚಿನಿಂದ ಕೈ ತೆಗೆದುಬಿಟ್ಟ. ಅಕ್ಕಯಮ್ಮ ನೇರವಾಗಿ ಪಟದ ಬಳಿ ಹೋಗಿ, ಒಂದು ಗಳಿಗೆ ನೆಲದ ಮೇಲೆ ಕೂತಿರು ಸ್ವಾಮಿ ಎಂದು ಅದನ್ನು ಇಳಿಸಿದರು. ಕುಂಕುಮ, ಹೂವು ಬಿದ್ದಿದ್ದ ಹಲಗೆಯನ್ನು ಮಡಿಸೀರೆಯ ಸೆರಗಿನಿಂದಲೇ ಒರೆಸಿ, ಒಣಗಿದೆಯೇ ಎಂದು ಅಂಗೈಯಿಟ್ಟು ನೋಡಿ, ಸೊಣ್ಣಪ್ಪನ ಮುಂದೆ ಎಳೆದುಹಾಕಿದರು. ಅಲ್ಲಿಗೂ ನಿಲ್ಲದೆ ಬಾಗಿಲಾಚೆ ಹೋದರು. ಒಳಗೆ ಬರುವಾಗ ಅವರ ಎರಡು ಕೈಯಲ್ಲೂ ಅವನ ಬೂಟುಗಳಿದ್ದವು.

ಮಡಿಯಲ್ಲಿದ್ದಾಗ ಮೊಮ್ಮಕ್ಕಳನ್ನೂ ಹತ್ತಿರ ಸೇರಿಸದ ಹೆಂಗಸು. ಅಪ್ಪಾಜಪ್ಪ "ಅಮ್ಮಾ, ಮಡಿ" ಅಂದ. ಸೊಣ್ಣಪ್ಪನಂತೂ ಬೆದರಿ ಹಿಂದಕ್ಕೆ ಸರಿದು, ನೀವು ಕೈಯಲ್ಲಿ ಹಿಡಿದು ತಂದದ್ದಕ್ಕೆ ನಾನು ಕಾಲು ಹೇಗೆ ಹಾಕಲಿ ಎಂದು ಒದ್ದಾಡಿದ. ಅವರು ಬಗ್ಗಿ, ಬೂಟುಗಳನ್ನು ಹಲಗೆಯ ಮೇಲೆ ಜೋಡಿಸಿಟ್ಟರು.

"ಹಾಕ್ಕೊಳ್ಳೋ. ನಾನು ತಲೆ ಮೇಲೆ ಇನ್ನೊಂದ್ ಚೊಂಬು ನೀರು ಹುಯ್ಕೊಂಡ್ರೆ ತಿರ್ಗಾ ಮಡಿ ಆಗ್ತೀನಿ. ನಿಮ್ಮಮ್ಮಂಗೆ ನೀನು ತಿರ್ಗಾ ಹುಟ್ತೀಯಾ?"

ಸೊಣ್ಣಪ್ಪ ಹಿಡಿಯನ್ನು ಪಕ್ಕಕ್ಕಿಟ್ಟು ಕುಕ್ಕರಗಾಲಲ್ಲಿ ಕುಳಿತ. ಕೆಸರು ಮೆತ್ತಿದ ಆ ಹಳೇ ಬೂಟುಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಕಾಲಿಗೆ ಹಾಕಿಕೊಂಡ.